ಹಿಮ್ಮಡಿಯ 'ಆಣಿ': 14 ತಿಂಗಳ ನಂತರ ಸಿಕ್ಕ ಮೆಲನೋಮ

ಇದು ಯಾರೋ ಒಬ್ಬ ವ್ಯಕ್ತಿಯ ಕಡತವಲ್ಲ. ಮೆಲನೋಮ ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್. ಅಂಗಾಲಿನ ಮೆಲನೋಮ ಯಾವ ಯಾವ ತಿರುವಿನಲ್ಲಿ ಕಣ್ತಪ್ಪುತ್ತದೆ, ಕೊನೆಗೆ ಹೇಗೆ ಕೈಗೆ ಸಿಗುತ್ತದೆ ಎಂಬುದನ್ನು ಒಬ್ಬ ರೋಗಿಯ ಸುತ್ತ ಹೆಣೆದ ಪ್ರಕರಣ. ಅಳತೆಗಳು, ಔಷಧದ ಪ್ರಮಾಣ, ನಿರ್ಧಾರಗಳು ಎಲ್ಲವೂ ಚಿಕಿತ್ಸೆಯಲ್ಲಿ ನಿಜಕ್ಕೂ ನಡೆಯುವ ಬಗೆಯವು.

ರೋಗಿ 57 ವರ್ಷದ ಮಹಿಳೆ. 9 ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಬಲ ಹಿಮ್ಮಡಿಯ ಒಳ ಮಗ್ಗುಲಲ್ಲಿ ಕಪ್ಪು ಕಲೆ. ನೋವಿಲ್ಲ, ತುರಿಕೆಯಿಲ್ಲ. ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇರಲಿಲ್ಲ.

ಹೆಸರು ಮೊದಲೇ ಅಂಟಿಕೊಂಡಿತು

ಮೊದಲು ಕಂಡಾಗ ಮಸಿ ಹತ್ತಿದ ಹಾಗಿತ್ತಂತೆ. ಉಜ್ಜಿದರೂ ಹೋಗಲಿಲ್ಲ. 4ನೇ ತಿಂಗಳಲ್ಲಿ ಔಷಧಿ ಅಂಗಡಿಯಲ್ಲಿ ತೋರಿಸಿದಾಗ 'ಆಣಿ' ಎಂದು ಹೇಳಿ ಕಾರ್ನ್ ಕ್ಯಾಪ್ ಕೊಟ್ಟರು. ಅದರಲ್ಲಿರುವುದು 40% ಸ್ಯಾಲಿಸಿಲಿಕ್ ಆಮ್ಲ. ದಪ್ಪ ಚರ್ಮವನ್ನು ಮೆತ್ತಗೆ ಮಾಡಿ ಕಿತ್ತುಹಾಕುವುದಷ್ಟೇ ಅದರ ಕೆಲಸ. ಮೇಲಿನ ಪದರ ಬಿಳಿಚಿ ಸುಲಿದು ಹೋಯಿತು, ಕೆಳಗಿನ ಕಪ್ಪು ಹಾಗೇ ಉಳಿಯಿತು. ಕ್ಯಾಪ್ ಸರಿಯಾಗಿ ಅಂಟಿಸಿದ್ದೇನೆಯೇ ಎಂದು ಕೇಳಲು ಆಕೆ ಮಗಳಿಗೆ ಫೋನಿನಲ್ಲಿ ಒಂದು ಫೋಟೊ ಕಳಿಸಿದರು. ಈ ಫೋಟೊ ಮುಂದೆ ಬಹಳ ಉಪಯೋಗಕ್ಕೆ ಬಂತು.

8ನೇ ತಿಂಗಳಲ್ಲಿ ಅಲ್ಲಿ ಚರ್ಮ ಒರಟಾಗಿ ಬಿರಿಯಿತು. ಸಕ್ಕರೆ ಇರುವವರ ಕಾಲು ಎಂದ ಕೂಡಲೇ ಯೋಚನೆಯೆಲ್ಲ ಸಕ್ಕರೆಯ ಕಡೆಗೇ ಓಡುತ್ತದೆ. ಆಂಟಿಬಯಾಟಿಕ್ ಮುಲಾಮು, ಶಿಲೀಂಧ್ರದ ಮುಲಾಮು ಎರಡೂ ಆದವು. 12ನೇ ತಿಂಗಳಲ್ಲಿ ಚಪ್ಪಲಿಯ ಮೇಲೆ ರಕ್ತದ ಕಲೆ ಕಾಣಿಸಿತು. ಆಗ ಒಂದು ಶಸ್ತ್ರಚಿಕಿತ್ಸಾ ಕ್ಲಿನಿಕ್ಕಿನಲ್ಲಿ ಕಲೆಯ ಅಂಚಿನಿಂದ 3 ಮಿ.ಮೀ. ಪಂಚ್ ಬಯಾಪ್ಸಿ, ಅಂದರೆ ದುಂಡು ಬ್ಲೇಡಿನಿಂದ ಪರೀಕ್ಷೆಗೆ ಚರ್ಮದ ಚೂರು, ತೆಗೆದರು.

ಬಯಾಪ್ಸಿಗೆ ಕಳಿಸುವ ಯೋಚನೆ ಸರಿಯೇ. ತೆಗೆದ ಜಾಗ, ತೆಗೆದ ಆಳ, ಜತೆಗೆ ಹೋದ ಚೀಟಿ ಮೂರೂ ತಪ್ಪಿದವು. ಅಂಗಾಲಿನ ಮೆಲನೋಮದ ಅಂಚು ಎಷ್ಟೋ ಸಲ ಚರ್ಮದ ಮೇಲ್ಪದರದಲ್ಲೇ ತೆಳ್ಳಗೆ ಹರಡಿರುತ್ತದೆ. ಕಾಯಿಲೆ ಆಳಕ್ಕೆ ಇಳಿದಿರುವುದು ಉಬ್ಬಿದ ಅಥವಾ ತೀರಾ ಕಪ್ಪಾದ ಭಾಗದಲ್ಲಿ. ಚೀಟಿಯಲ್ಲಿ 'ಹಿಮ್ಮಡಿಯ ಗಾಯ, ಆಣಿ?' ಎಂದಷ್ಟೇ ಇತ್ತು. ಎಷ್ಟು ದೊಡ್ಡದು, ಎಷ್ಟು ಕಾಲದಿಂದ ಇದೆ, ಬೆಳೆಯುತ್ತಿದೆಯೇ, ಆಮ್ಲ ಹಚ್ಚಿದ್ದಾರೆಯೇ, ಯಾವುದೂ ಇಲ್ಲ. ವರದಿ ಹೀಗೆ ಬಂತು: 'ಬುಡಪದರದಲ್ಲಿ ಬಣ್ಣದ ಜೀವಕೋಶಗಳು ಹೆಚ್ಚಿವೆ, ಮಾದರಿ ಮೇಲ್ಪದರದ್ದಷ್ಟೇ, ತಳ ಕಾಣುತ್ತಿಲ್ಲ, ರೋಗಲಕ್ಷಣದೊಂದಿಗೆ ಹೋಲಿಸಿ ನೋಡಬೇಕು.' ಪೆಥಾಲಜಿಸ್ಟ್ ಇಷ್ಟನ್ನು ಎಚ್ಚರಿಕೆಯಿಂದಲೇ ಬರೆದಿದ್ದರು. ರೋಗಿಯ ಕಿವಿಗೆ ಮುಟ್ಟುವ ಹೊತ್ತಿಗೆ ಅದು 'ಕ್ಯಾನ್ಸರ್ ಇಲ್ಲವಂತೆ' ಎಂದಾಗಿತ್ತು. ಇನ್ನೆರಡು ತಿಂಗಳು ಹೋಯಿತು.

'ತಳ ಕಾಣುತ್ತಿಲ್ಲ', ಅಂದರೆ ಎಷ್ಟು ಆಳಕ್ಕಿದೆ ಎಂದು ಈ ಮಾದರಿಯಲ್ಲಿ ತಿಳಿಯುತ್ತಿಲ್ಲ, ಎಂಬ ವರದಿ 'ಕ್ಯಾನ್ಸರ್ ಇಲ್ಲ' ಎನ್ನುವ ವರದಿಯಲ್ಲ. ಅದು ಉತ್ತರವೇ ಅಲ್ಲ. ಕಣ್ಣಿಗೆ ಕಾಣುವುದಕ್ಕೂ ವರದಿಗೂ ತಾಳೆಯಾಗದಿದ್ದರೆ ಮತ್ತೆ ಮಾದರಿ ತೆಗೆಯಬೇಕು. ಇಡೀ ಪ್ರಕರಣದಲ್ಲಿ ನಮಗೆ ಅತಿ ದುಬಾರಿ ಎನಿಸುವ ತಪ್ಪು ಕಾರ್ನ್ ಕ್ಯಾಪ್ ಅಲ್ಲ, ಈ ವರದಿಯನ್ನು ಓದಿದ ರೀತಿ.

ಚರ್ಮರೋಗ ವಿಭಾಗದಲ್ಲಿ

14ನೇ ತಿಂಗಳಲ್ಲಿ ಮಗಳು ಹಳೆಯ ಫೋಟೊವನ್ನು ಈಗಿನ ಕಾಲಿನ ಪಕ್ಕ ಹಿಡಿದು ನೋಡಿ, ತಾಯಿಯನ್ನು ಕರೆದುಕೊಂಡು ಬಂದರು. ಫೋಟೊದಲ್ಲಿ ಪಕ್ಕದಲ್ಲೇ ಕಾರ್ನ್ ಕ್ಯಾಪ್ ಇದ್ದದ್ದರಿಂದ ಅದರ ಅಳತೆಗೆ ಹೋಲಿಸಿ ಲೆಕ್ಕ ಹಾಕಲು ಸಾಧ್ಯವಾಯಿತು. 10 ತಿಂಗಳ ಹಿಂದೆ ಕಲೆ ಸುಮಾರು 8 ಮಿ.ಮೀ. ಇತ್ತು. ಈಗ 17×11 ಮಿ.ಮೀ. ಒಂದು ತುದಿ ಕಂದು, ನಡು ಕಡುಗಪ್ಪು, ಇನ್ನೊಂದು ತುದಿಯಲ್ಲಿ ಬೂದು. ಅಂಚು ಹರಿದ ಕಾಗದದ ಹಾಗೆ. ನಡುವೆ ಸ್ವಲ್ಪ ಉಬ್ಬು ಬೆರಳಿಗೆ ತಾಗುತ್ತಿತ್ತು.

ಮಚ್ಚೆ ಪರೀಕ್ಷಿಸಲು ಎಲ್ಲೆಡೆ ಹೇಳಿಕೊಡುವ ಐದು ಗುರುತುಗಳಿವೆ: ಎರಡು ಅರ್ಧ ಹೊಂದದಿರುವುದು, ಅಂಚು ಅಂಕುಡೊಂಕು, ಬಣ್ಣ ಹಲವು, ಅಗಲ 6 ಮಿ.ಮೀ. ಮೀರಿರುವುದು, ಬದಲಾಗುತ್ತಿರುವುದು. ಅಂಗಾಲಿನಲ್ಲಿ ಇವಿಷ್ಟೇ ಸಾಲವು. ಅಲ್ಲಿನ ಮೆಲನೋಮ ಬಣ್ಣವೇ ಇಲ್ಲದೆ, ಕೆಂಪು ಮಾಂಸದ ಗಂಟಾಗಿಯೂ ಬರಬಹುದು. ಆದ್ದರಿಂದ ಪಾದಕ್ಕೆ ಬೇರೆ ಪಟ್ಟಿ ಬೇಕು: ಚರ್ಮದ್ದಲ್ಲದ ಬಣ್ಣ, ಖಚಿತವಾಗಿ ಹೆಸರಿಡಲಾಗದ ಗಾಯ, ರಕ್ತ ಅಥವಾ ರಸ ಸೋರುವುದು, ಚಿಕಿತ್ಸೆ ಮಾಡಿದರೂ ದೊಡ್ಡದಾಗುವುದು, ಎರಡು ತಿಂಗಳಾದರೂ ಮಾಯದಿರುವುದು. ಇವುಗಳಲ್ಲಿ ಎರಡು ಇದ್ದರೂ ತಜ್ಞರಿಗೆ ಕಳಿಸಬೇಕು. ಈಕೆಗೆ ಐದೂ ಇದ್ದವು.

ಇನ್ನೊಂದು ಮಾತು. ಕಂದು, ಕಪ್ಪು ಚರ್ಮದವರಲ್ಲಿ ಮೆಲನೋಮ ಒಟ್ಟಾರೆ ಅಪರೂಪ. ಆದರೆ ಬಂದಾಗ ಅದರಲ್ಲಿ ದೊಡ್ಡ ಪಾಲು ಅಂಗಾಲು, ಅಂಗೈ, ಉಗುರಿನ ಬುಡದಲ್ಲೇ. ಈ ಬಗೆಗೆ ಬಿಸಿಲು ಮುಖ್ಯ ಕಾರಣವಲ್ಲ. 'ನಾನು ಬಿಸಿಲಿಗೇ ಹೋಗುವವಳಲ್ಲ' ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ. ಗಾಯಕ ಬಾಬ್ ಮಾರ್ಲಿ ಅವರ ಕಾಲ್ಬೆರಳಲ್ಲಿ 1977ರಲ್ಲಿ ಪತ್ತೆಯಾದದ್ದೂ ಇದೇ ಜಾತಿಯದು. ಮೊದಲು ಫುಟ್‌ಬಾಲ್ ಆಡುವಾಗ ಆದ ಪೆಟ್ಟೆಂದೇ ತಿಳಿದಿದ್ದರು. 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡರು.

ಡರ್ಮೋಸ್ಕೋಪ್ ಎಂದರೆ ಬೆಳಕಿರುವ, 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನ ಹಾಗೆ ಉಬ್ಬುಗೆರೆ, ತಗ್ಗುಗೆರೆ ಒಂದರ ಪಕ್ಕ ಒಂದು ಇರುತ್ತವೆ, ಉತ್ತ ಹೊಲದ ಹಾಗೆ. ಸಾಮಾನ್ಯ ಮಚ್ಚೆಯಲ್ಲಿ ಬಣ್ಣ ತಗ್ಗಿನಲ್ಲಿ ಕೂತಿರುತ್ತದೆ. ಮೆಲನೋಮದಲ್ಲಿ ಉಬ್ಬಿನ ಮೇಲೆ ಪಟ್ಟಿಯಾಗಿ ಹಬ್ಬಿರುತ್ತದೆ. ಯಾವುದು ಉಬ್ಬು ಎಂದು ಗುರುತಿಸಲು ಬೆವರಿನ ರಂಧ್ರ ನೋಡಬೇಕು. ಉಬ್ಬಿನ ನಡುವೆ ಬಿಳಿ ಚುಕ್ಕೆಗಳು ಮಣಿ ಪೋಣಿಸಿದ ಹಾಗೆ ಕಾಣುತ್ತವೆ. ಆಮ್ಲ ಹಚ್ಚಿದ ಚರ್ಮದಲ್ಲಿ ಇದು ಮಸುಕಾಗುತ್ತದೆ. ಈಕೆಯಲ್ಲೂ ಮಸುಕಾಗಿತ್ತು. ಅದಕ್ಕೊಂದು ಉಪಾಯ: ಮಾರ್ಕರ್ ಪೆನ್ನಿನಿಂದ ಶಾಯಿ ಬಳಿದು ಒರೆಸಿದರೆ ತಗ್ಗಿನಲ್ಲಿ ಮಾತ್ರ ಶಾಯಿ ಉಳಿಯುತ್ತದೆ. ಈಕೆಯ ಕಲೆಯಲ್ಲಿ ಶಾಯಿಯ ಗೆರೆ ಒಂದು ಕಡೆ, ಕಂದು ಪಟ್ಟಿ ಅದರ ಪಕ್ಕದ ಉಬ್ಬಿನ ಮೇಲೆ. ನಡುವಿನ ಕಪ್ಪು ಭಾಗದಲ್ಲಿ ಗೆರೆಯೇ ಅಳಿಸಿಹೋಗಿತ್ತು.

ಉಬ್ಬಿನ ಮೇಲೆ ಕಪ್ಪು ಕಂಡದ್ದೆಲ್ಲ ಮೆಲನೋಮವಲ್ಲ. ಪೆಟ್ಟು ಬಿದ್ದು ಚರ್ಮದ ಮೇಲ್ಪದರದಲ್ಲಿ ಹೆಪ್ಪುಗಟ್ಟಿದ ರಕ್ತವೂ ಹೀಗೇ ಕಾಣಬಹುದು. ಬ್ಲೇಡಿನಿಂದ ಹಗುರಾಗಿ ಕೆರೆದರೆ ಆ ರಕ್ತ ಪುಡಿಯಾಗಿ ಉದುರುತ್ತದೆ. ಇಲ್ಲಿ ಉದುರಲಿಲ್ಲ. ಉಗುರಿನ ಕೆಳಗಾದರೆ ಕಾಲದ ಪರೀಕ್ಷೆ: ಕಾಲ್ಬೆರಳ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿ.ಮೀ. ಬೆಳೆಯುತ್ತದೆ, ರಕ್ತದ ಕಲೆ ಅದರ ಜತೆ ಮುಂದೆ ಸರಿಯಬೇಕು. ಸರಿಯದೆ ಬುಡಕ್ಕೇ ಅಂಟಿಕೊಂಡು ಪಕ್ಕದ ಚರ್ಮಕ್ಕೂ ಬಣ್ಣ ಹಬ್ಬಿದರೆ ತಡಮಾಡಬಾರದು.

ಆ ದಿನವೇ ದೇಹದ ಇಡೀ ಚರ್ಮ, ಬೆರಳಸಂದು, ಎಲ್ಲ ಉಗುರು, ತಲೆಬುರುಡೆ, ಬಾಯಿಯ ಒಳಗೆ ನೋಡಲಾಯಿತು. ತೊಡೆಸಂದು, ಮಂಡಿಯ ಹಿಂಭಾಗ ಮುಟ್ಟಿ ನೋಡಿದಾಗ ಗಂಟು ಸಿಗಲಿಲ್ಲ. ಪಾದದ ನಾಡಿ ಚೆನ್ನಾಗಿತ್ತು, ಸ್ಪರ್ಶವೂ ಇತ್ತು. ಮುಂದೆ ಹಿಮ್ಮಡಿಯ ಗಾಯ ಮಾಯಬೇಕಾದ್ದರಿಂದ ಇದನ್ನು ಮೊದಲೇ ತಿಳಿಯಬೇಕು.

ಎರಡನೇ ಬಯಾಪ್ಸಿ

'ಡಾಕ್ಟ್ರೇ, ಚಾಕು ಮುಟ್ಟಿಸಿದ್ರೆ ಹರಡುತ್ತೆ ಅಂತಾರಲ್ಲ?' ಎಂದು ಮಗಳು ಕೇಳಿದರು. ಎಲ್ಲ ಕಡೆಯೂ ಕೇಳುವ ಪ್ರಶ್ನೆ ಇದು. ಬಯಾಪ್ಸಿ ಮಾಡಿದ್ದರಿಂದ ಮೆಲನೋಮ ಹರಡಿತು, ಆಯುಸ್ಸು ಕಡಿಮೆಯಾಯಿತು ಎಂಬುದಕ್ಕೆ ಆಧಾರವಿಲ್ಲ. ಬಯಾಪ್ಸಿ ಇಲ್ಲದೆ ಲೇಸರ್, ಕಾಟರಿ, ಆಮ್ಲದಿಂದ ಸುಟ್ಟರೆ ಮಾತ್ರ ನಿಜವಾದ ನಷ್ಟ. ಕಣ್ಣಿಗೆ ಕಾಣುವ ಬಣ್ಣ ಹೋಗುತ್ತದೆ, ಆಳದಲ್ಲಿ ಉಳಿದದ್ದು ಬೆಳೆಯುತ್ತದೆ, ಆಳ ಅಳೆಯಲು ಅಂಗಾಂಶವೇ ಇರುವುದಿಲ್ಲ.

ಸಂಶಯದ ಮಚ್ಚೆಯನ್ನು 1ರಿಂದ 3 ಮಿ.ಮೀ. ಅಂಚು ಬಿಟ್ಟು, ಕೊಬ್ಬಿನ ಪದರದವರೆಗೆ, ಇಡಿಯಾಗಿ ತೆಗೆಯುವುದು ಉತ್ತಮ. ಇಲ್ಲಿ ಹಾಗೆ ಮಾಡಿದರೆ ಹಿಮ್ಮಡಿಯಲ್ಲಿ ಎರಡು ಸೆಂ.ಮೀ. ಮೀರಿದ ಕುಳಿ ಬಿದ್ದು ಹೊಲಿಗೆ ಕೂಡುತ್ತಿರಲಿಲ್ಲ. ಹಾಗಾಗಿ ಅತಿ ಉಬ್ಬಿದ ಭಾಗವನ್ನು ದಾಟುವಂತೆ 12 ಮಿ.ಮೀ. ಉದ್ದ, 4 ಮಿ.ಮೀ. ಅಗಲದ ಸೀಳನ್ನು ಕೊಬ್ಬಿನವರೆಗೆ ತೆಗೆಯಲಾಯಿತು. ಅದಕ್ಕೂ ಮೊದಲು ಅಳತೆಪಟ್ಟಿ ಇಟ್ಟು ದೂರದಿಂದ ಒಂದು, ಹತ್ತಿರದಿಂದ ಒಂದು, ಡರ್ಮೋಸ್ಕೋಪಿನಲ್ಲಿ ಒಂದು ಫೋಟೊ.

ಅಂಗಾಲಿಗೆ ನೇರ ಸೂಜಿ ಚುಚ್ಚುವುದು ಬಹಳ ನೋವು. ಒಳ ಕಾಲ್ಗಂಟಿನ ಹಿಂದೆ ಟಿಬಿಯಲ್ ನರದ ಬಳಿ 2% ಲಿಗ್ನೊಕೇನ್ 5 ಮಿ.ಲೀ. ಕೊಟ್ಟರೆ ಅಂಗಾಲು ಮರಗಟ್ಟುತ್ತದೆ. ಹಿಮ್ಮಡಿಗೆ ಹೋಗುವ ಕವಲು ಬೇಗನೆ ಒಡೆಯುವುದರಿಂದ ಸೂಜಿ ತುಸು ಮೇಲೆ ಹಾಕಬೇಕು. ಅದನ್ನು ಮರೆತರೆ ಬೆರಳೆಲ್ಲ ಮರಗಟ್ಟಿ ಹಿಮ್ಮಡಿ ಮಾತ್ರ ಎಚ್ಚರವಾಗಿರುತ್ತದೆ.

ಮಾದರಿಯನ್ನು ಅದರ ಗಾತ್ರದ ಕನಿಷ್ಠ 10 ಪಟ್ಟು ಫಾರ್ಮಲಿನ್‌ನಲ್ಲಿ ಹಾಕಬೇಕು. ಚೀಟಿಯಲ್ಲಿ ಈ ಸಲ ಎಲ್ಲ ಇತ್ತು: 14 ತಿಂಗಳ ಇತಿಹಾಸ, ಕಾರ್ನ್ ಕ್ಯಾಪ್, ಹಿಂದಿನ ಪಂಚ್, ಡರ್ಮೋಸ್ಕೋಪಿಯಲ್ಲಿ ಕಂಡದ್ದು, 'ಇದು ಕಲೆಯ ಒಂದು ಭಾಗ ಮಾತ್ರ' ಎಂಬ ಸೂಚನೆ, ಹಳೆಯ ಸ್ಲೈಡ್. ಉಬ್ಬುಗೆರೆಗಳಿಗೆ ಅಡ್ಡಲಾಗಿ ಕೊಯ್ಯಿರಿ ಎಂದೂ ಬರೆದಿತ್ತು. ಗೆರೆಯ ಉದ್ದಕ್ಕೆ ಕೊಯ್ದರೆ ಬಣ್ಣದ ಕೋಶಗಳು ಉಬ್ಬಿನ ಕೆಳಗಿವೆಯೋ ತಗ್ಗಿನ ಕೆಳಗಿವೆಯೋ ತಿಳಿಯುವುದಿಲ್ಲ. ಕಾರ್ನ್ ಕ್ಯಾಪ್ ವಿಷಯ ಹೇಳುವುದಕ್ಕೂ ಕಾರಣವಿದೆ. ಗೆಡ್ಡೆ ತಾನಾಗಿ ಹುಣ್ಣಾಗಿದ್ದರೆ ಹಂತ ಒಂದು ಮೆಟ್ಟಿಲು ಏರುತ್ತದೆ. ಆಮ್ಲದಿಂದ ಆದ ಗಾಯವನ್ನು ಹುಣ್ಣೆಂದು ಎಣಿಸಬಾರದು.

ವರದಿ: ಅಂಗಾಲಿನ ಲೆಂಟಿಜಿನಸ್ ಮೆಲನೋಮ, ಬ್ರೆಸ್ಲೋ ದಪ್ಪ ಕನಿಷ್ಠ 1.6 ಮಿ.ಮೀ., ಹುಣ್ಣಿಲ್ಲ. ಬಣ್ಣದ ಕೋಶಗಳನ್ನು ಗುರುತಿಸುವ ಎಸ್‌ಒಎಕ್ಸ್10 ಮತ್ತು ಮೆಲಾನ್-ಎ ಪರೀಕ್ಷೆ ಪಾಸಿಟಿವ್.

ಬ್ರೆಸ್ಲೋ ದಪ್ಪ ಎಂದರೆ ಮೇಲ್ಪದರದ ಕಣಯುಕ್ತ ಸಾಲಿನಿಂದ ಗೆಡ್ಡೆಯ ಅತಿ ಆಳದ ಕೋಶದವರೆಗಿನ ಅಳತೆ. ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ಪ್ರಕಟಿಸಿದ ವಿಧಾನ. ಇಂದಿಗೂ ಮೆಲನೋಮದ ಮುಂದಿನ ಹಾದಿಯನ್ನು ಹೇಳುವ ಮುಖ್ಯ ಅಂಕಿ ಇದೇ. ಗೆಡ್ಡೆಯ ದರ್ಜೆ ಹೀಗೆ: 1 ಮಿ.ಮೀ.ವರೆಗೆ ಟಿ1, 2ರವರೆಗೆ ಟಿ2, 4ರವರೆಗೆ ಟಿ3, ಅದರಾಚೆ ಟಿ4. ವರದಿಯಲ್ಲಿ 'ಕನಿಷ್ಠ' ಎಂಬ ಪದ ಇತ್ತೆಂಬುದನ್ನು ನೆನಪಿಡಿ.

ಶಸ್ತ್ರಚಿಕಿತ್ಸೆ: ಕ್ರಮ ತಪ್ಪಿದರೆ ಹಿಂದಿರುಗಲಾಗದು

ಗೆಡ್ಡೆಯಿಂದ ಹೊರಡುವ ದುಗ್ಧನಾಳ ಮೊದಲು ಮುಟ್ಟುವ ದುಗ್ಧಗ್ರಂಥಿಗೆ ಸೆಂಟಿನೆಲ್, ಅಂದರೆ ಕಾವಲು ಗ್ರಂಥಿ ಎನ್ನುತ್ತಾರೆ. ಕಾಯಿಲೆ ಹೊರಟಿದ್ದರೆ ಸಾಮಾನ್ಯವಾಗಿ ಮೊದಲು ಸಿಗುವುದು ಅಲ್ಲೇ. ದಪ್ಪ 1 ಮಿ.ಮೀ. ಮೀರಿದ್ದರೆ ಇದನ್ನು ತೆಗೆದು ನೋಡಬೇಕು. 0.8 ದಾಟಿದಾಗಲೇ ಚರ್ಚಿಸಬೇಕು. ಇದನ್ನು ಅಗಲ ಕತ್ತರಿಕೆಯ, ಅಂದರೆ ಗೆಡ್ಡೆಯನ್ನು ಸುತ್ತಲಿನ ಚರ್ಮ ಸಮೇತ ತೆಗೆಯುವುದರ, ಜತೆಯಲ್ಲೇ ಮಾಡಬೇಕು. ಹಿಮ್ಮಡಿಯ ಚರ್ಮ ತೆಗೆದು ಕಸಿ ಮುಗಿದ ಮೇಲೆ ನೆನಪಾದರೆ ಮೂಲ ನಾಳಗಳೇ ಇರುವುದಿಲ್ಲ, ಆಗ ಸಿಗುವ ಗ್ರಂಥಿ ಕಾವಲಿನದೇ ಎಂದು ನಂಬಲಾಗದು.

ಬೆಳಿಗ್ಗೆ ಬಯಾಪ್ಸಿ ಗಾಯದ ಸುತ್ತ ಟೆಕ್ನೀಶಿಯಂ-99ಎಂ ಎಂಬ ವಿಕಿರಣ ವಸ್ತು ಚುಚ್ಚಿ ಚಿತ್ರ ತೆಗೆದರು. ಅದರ ಅರ್ಧಾಯುಷ್ಯ 6 ಗಂಟೆ. ಹಿಮ್ಮಡಿಯಿಂದ ದುಗ್ಧರಸ ತೊಡೆಸಂದಿಗೆ ಮಾತ್ರವಲ್ಲ, ಕೆಲವರಲ್ಲಿ ಮಂಡಿಯ ಹಿಂದಕ್ಕೂ ಹೋಗುತ್ತದೆ. ಚಿತ್ರ ತೆಗೆಯದೆ ತೊಡೆಸಂದನ್ನಷ್ಟೇ ತೆರೆದರೆ ಅದು ತಪ್ಪಿಹೋಗುತ್ತದೆ. ಈಕೆಗೆ ಮಂಡಿಯ ಹಿಂದೆ ಏನೂ ಬೆಳಗಲಿಲ್ಲ, ತೊಡೆಸಂದಿನಲ್ಲಿ ಎರಡು ಗ್ರಂಥಿ. ಆಪರೇಷನ್ ಥಿಯೇಟರಿನಲ್ಲಿ ನೀಲಿ ಬಣ್ಣ ಕೊಟ್ಟು, ವಿಕಿರಣ ಗುರುತಿಸುವ ಗಾಮಾ ಪ್ರೋಬ್‌ನಿಂದ ಹುಡುಕಿ ಎರಡನ್ನೂ ತೆಗೆದರು. ನಂತರ ಒಂದು ದಿನ ಮೂತ್ರ ಹಸಿರು ಕಾಣುತ್ತದೆ. ಮೊದಲೇ ಹೇಳದಿದ್ದರೆ ರೋಗಿ ಗಾಬರಿಯಾಗುತ್ತಾರೆ.

ಸುತ್ತ ಎಷ್ಟು ಬಿಡಬೇಕು? ಮೇಲ್ಪದರದಲ್ಲೇ ಇದ್ದರೆ ಅರ್ಧದಿಂದ 1 ಸೆಂ.ಮೀ., 1 ಮಿ.ಮೀ. ದಪ್ಪದವರೆಗೆ 1 ಸೆಂ.ಮೀ., 1ರಿಂದ 2 ಮಿ.ಮೀ. ದಪ್ಪಕ್ಕೆ 1–2 ಸೆಂ.ಮೀ., ಅದಕ್ಕಿಂತ ದಪ್ಪಕ್ಕೆ 2 ಸೆಂ.ಮೀ. ವರದಿಯ 1.6ಕ್ಕೆ 1 ಸೆಂ.ಮೀ. ಸಾಕೆಂದು ವಾದಿಸಬಹುದಿತ್ತು. ಆದರೆ ಅದು 'ಕನಿಷ್ಠ 1.6'. ಒಂದು ಭಾಗದ ಮಾದರಿ ಆಳವನ್ನು ಕಡಿಮೆ ತೋರಿಸುವುದು ಹೊಸದೇನಲ್ಲ. 2 ಸೆಂ.ಮೀ. ಎಂದು ನಿರ್ಧಾರವಾಯಿತು. 17×11ರ ಸುತ್ತ 20 ಬಿಟ್ಟರೆ ಗಾಯ 57×51 ಮಿ.ಮೀ., ಅಂದರೆ ಹಿಮ್ಮಡಿಯ ಬಹುಪಾಲು. ಇದನ್ನು ರೋಗಿಗೆ ಚಿತ್ರ ಬರೆದು ತೋರಿಸಿದ್ದರು. 'ಇಷ್ಟು ಸಣ್ಣ ಕಲೆಗೆ ಇಷ್ಟು ದೊಡ್ಡ ಗಾಯವೇ' ಎಂಬ ಆಘಾತ ಆಪರೇಷನ್ ಆದ ಮೇಲೆ ಬರಬಾರದು.

ಗಾಯವನ್ನು ಅಂದೇ ಮುಚ್ಚಲಿಲ್ಲ. ಈ ಬಗೆಯ ಮೆಲನೋಮದ ತೆಳು ಅಂಚು ಕಣ್ಣಿಗೆ ಕಾಣುವುದಕ್ಕಿಂತ ಹೊರಗೆ ಚಾಚಿರಬಹುದು. ಫ್ಲ್ಯಾಪ್, ಅಂದರೆ ರಕ್ತನಾಳ ಸಮೇತ ಎತ್ತಿದ ಪಕ್ಕದ ಚರ್ಮ, ತಿರುಗಿಸಿ ಕೂರಿಸಿದ ಮೇಲೆ 'ಅಂಚಿನಲ್ಲಿ ಇದೆ' ಎಂಬ ವರದಿ ಬಂದರೆ ಯಾವ ಅಂಚು, ಎಲ್ಲಿ ಎಂದು ಹುಡುಕುವುದು ಕಷ್ಟ. ತೆಗೆದ ತುಂಡಿನ ಮೇಲಂಚಿಗೆ ಉದ್ದ ದಾರ, ಒಳಮಗ್ಗುಲಿಗೆ ಗಿಡ್ಡ ದಾರ ಹಾಕಿ ದಿಕ್ಕು ಗುರುತಿಸಿ ಕಳಿಸಿದರು. ವರದಿ ಬರುವ 9 ದಿನ ಗಾಯಕ್ಕೆ ಹೀರು-ಡ್ರೆಸ್ಸಿಂಗ್ ಇತ್ತು.

ಅಂತಿಮ ವರದಿಯಲ್ಲಿ ದಪ್ಪ 2.3 ಮಿ.ಮೀ. ಎಂದು ಬಂತು. ಟಿ2 ಅಲ್ಲ, ಟಿ3ಎ ('ಎ' ಎಂದರೆ ಹುಣ್ಣಿಲ್ಲ). ಅಂಚುಗಳೆಲ್ಲ ಶುದ್ಧ. ಎರಡು ಗ್ರಂಥಿಗಳಲ್ಲಿ ಒಂದರಲ್ಲಿ 0.6 ಮಿ.ಮೀ.ನಷ್ಟು ಮೆಲನೋಮ. ಮುಟ್ಟಿದರೆ ಸಿಗದ, ಸ್ಕ್ಯಾನಿನಲ್ಲಿ ಕಾಣದ ಗಾತ್ರ ಅದು. ಹಂತ 3ಬಿ, ಅಂದರೆ ಕಾಯಿಲೆ ಗ್ರಂಥಿಗೆ ಮುಟ್ಟಿದ ಹಂತ.

ಹಿಮ್ಮಡಿ ಭಾರ ಹೊರುವ ಜಾಗ. ತೊಡೆಯ ತೆಳುಚರ್ಮದ ಕಸಿ ಅಲ್ಲಿ ಬಾಳಿಕೆ ಬರುವುದು ಕಡಿಮೆ, ಬಿರಿಯುತ್ತದೆ. ಹಾಗಾಗಿ ಅಂಗಾಲಿನ ಕಮಾನಿನ, ನೆಲ ಮುಟ್ಟದ ಭಾಗದ ಚರ್ಮವನ್ನು ರಕ್ತನಾಳ ಸಮೇತ ಎತ್ತಿ ಹಿಮ್ಮಡಿಗೆ ತಿರುಗಿಸಿದರು. ಅದೇ ಜಾತಿಯ ದಪ್ಪ ಚರ್ಮ, ಸ್ಪರ್ಶವೂ ಉಳಿಯುತ್ತದೆ. ಕಮಾನಿನ ಖಾಲಿ ಜಾಗಕ್ಕೆ ತೊಡೆಯ ತೆಳು ಕಸಿ. ನಾಲ್ಕು ವಾರ ಕಾಲೂರಬಾರದು. ಈಕೆಗೆ 3ನೇ ವಾರ ಕಸಿಯ ಒಂದು ಮೂಲೆ ಒಂದೂವರೆ ಸೆಂ.ಮೀ. ಕಪ್ಪಾಗಿ ಉದುರಿತು. ರಾತ್ರಿ ಬಚ್ಚಲಿಗೆ ಎದ್ದಾಗ ಊರುಗೋಲು ಕೈಗೆ ಸಿಗದೆ ಕಾಲೂರಿದ್ದರು. ಡ್ರೆಸ್ಸಿಂಗ್‌ನಲ್ಲೇ ಮಾಯಿತು. ಹಾಸಿಗೆಯ ಪಕ್ಕವೇ ಕಮೋಡ್ ಕುರ್ಚಿ ಇಡಿಸಬೇಕಿತ್ತು.

ಗ್ರಂಥಿಯಲ್ಲಿ ಸಿಕ್ಕಿದ ಮೇಲೆ

ಹಿಂದೆ ಇಂಥವರಿಗೆ ತೊಡೆಸಂದಿನ ಗ್ರಂಥಿಗಳನ್ನೆಲ್ಲ ತೆಗೆಯುತ್ತಿದ್ದರು. 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು, ಹಾಗೆ ತೆಗೆದದ್ದರಿಂದ ಆಯುಸ್ಸು ಹೆಚ್ಚಲಿಲ್ಲ, ಕಾಲು ಬಾವು ಮಾತ್ರ ಹೆಚ್ಚಿತು ಎಂದು ತೋರಿಸಿತು. ಈಗ ಅಲ್ಟ್ರಾಸೌಂಡ್‌ನಿಂದ ಕಾಯುವುದೇ ರೂಢಿ. ದೇಹದ ಪಿಇಟಿ-ಸಿಟಿ ಸ್ಕ್ಯಾನ್, ಮಿದುಳಿನ ಎಂಆರ್‌ಐ ಮಾಡಿದರು, ಬೇರೆಲ್ಲೂ ಇಲ್ಲ.

ಗೆಡ್ಡೆಯಲ್ಲಿ ಬಿಆರ್‌ಎಎಫ್ ಮತ್ತು ಕಿಟ್ ಎಂಬ ಜೀನ್‌ಗಳ ಬದಲಾವಣೆ ಇದೆಯೇ ಎಂದು ನೋಡಿದರು. ಬಿಆರ್‌ಎಎಫ್ ಬದಲಾವಣೆ ಇದ್ದಿದ್ದರೆ ಡಬ್ರಾಫೆನಿಬ್, ಟ್ರಮೆಟಿನಿಬ್ ಮಾತ್ರೆಗಳ ಜೋಡಿ ಒಂದು ವರ್ಷ ಕೊಡಬಹುದಿತ್ತು. ಅಂಗಾಲಿನ ಬಗೆಯಲ್ಲಿ ಅದು ಇರುವುದು ಕಡಿಮೆ, ಈಕೆಗೂ ಇರಲಿಲ್ಲ. ಹಾಗಾಗಿ ಆರಿಸಿದ್ದು ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧ: ಪೆಂಬ್ರೊಲಿಜುಮ್ಯಾಬ್ 200 ಮಿ.ಗ್ರಾಂ., 3 ವಾರಕ್ಕೊಮ್ಮೆ ರಕ್ತನಾಳದ ಮೂಲಕ, 18 ಸಲ. ಇದು ಮರುಕಳಿಸುವ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಬಿಸಿಲಿನಿಂದ ಬರುವ ಮೆಲನೋಮಕ್ಕೆ ಹೋಲಿಸಿದರೆ ಅಂಗಾಲಿನದು ಈ ಔಷಧಗಳಿಗೆ ಬಗ್ಗುವುದೂ ಕಡಿಮೆ. ಇಷ್ಟನ್ನೂ ಮುಚ್ಚಿಡದೆ ಹೇಳಿ, ಒಪ್ಪಿಗೆ ಪಡೆದು ಶುರುಮಾಡಿದರು.

ಈ ಔಷಧ ರೋಗನಿರೋಧಕ ಶಕ್ತಿಯ ಕಡಿವಾಣ ಬಿಚ್ಚುತ್ತದೆ, ಆ ಶಕ್ತಿ ದೇಹದ ಮೇಲೇ ತಿರುಗಬಹುದು. ದಿನಕ್ಕೆ ಎಂದಿಗಿಂತ ನಾಲ್ಕು ಸಲ ಹೆಚ್ಚು ಭೇದಿ, ಒಣಕೆಮ್ಮು, ಏದುಸಿರು, ಬಿಡದ ತಲೆನೋವಿನೊಂದಿಗೆ ವಿಪರೀತ ಸುಸ್ತು, ಕಣ್ಣು ಹಳದಿ: ಯಾವುದು ಕಂಡರೂ ಅಂದೇ ಫೋನ್ ಮಾಡಬೇಕು, ತಾವೇ ಭೇದಿ ನಿಲ್ಲಿಸುವ ಮಾತ್ರೆ ನುಂಗಿ ಕೂರಬಾರದು. ಈಕೆಯಂಥವರಿಗೆ ಇನ್ನೊಂದು ಬಲೆ ಇದೆ. ಸಕ್ಕರೆ ಇದ್ದಕ್ಕಿದ್ದಂತೆ ಏರಿದರೆ 'ಪಥ್ಯ ತಪ್ಪಿದೆ' ಎಂದು ಬಿಡಬಾರದು. ಈ ಔಷಧ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳನ್ನೇ ನಾಶಮಾಡಿ ಕೀಟೊಆಸಿಡೋಸಿಸ್, ಅಂದರೆ ಕೀಟೋನ್ ಏರಿ ರಕ್ತ ಆಮ್ಲವಾಗುವ ಅಪಾಯ, ತರಬಲ್ಲದು. ಬೇಗನೆ ಕೀಟೋನ್ ನೋಡಬೇಕು. ಈಕೆಗೆ ಅದು ಬರಲಿಲ್ಲ. 5ನೇ ಡೋಸಿನ ಹೊತ್ತಿಗೆ ಥೈರಾಯ್ಡ್ ಅನ್ನು ನಿಯಂತ್ರಿಸುವ ಹಾರ್ಮೋನ್ ಟಿಎಸ್‌ಎಚ್ ಮೊದಲು ತಗ್ಗಿ, ಆಮೇಲೆ ಏರಿತು. ಥೈರಾಯ್ಡ್ ಉರಿಯೂತ ಹೀಗೇ ನಡೆಯುತ್ತದೆ. ಥೈರಾಕ್ಸಿನ್ ಮಾತ್ರೆ ಕೊಟ್ಟು, ಔಷಧ ನಿಲ್ಲಿಸದೆ 18 ಡೋಸ್ ಮುಗಿಸಿದರು.

ಮೊದಲ ಎರಡು ವರ್ಷ 3 ತಿಂಗಳಿಗೊಮ್ಮೆ ತಪಾಸಣೆ, 4 ತಿಂಗಳಿಗೊಮ್ಮೆ ತೊಡೆಸಂದಿನ ಅಲ್ಟ್ರಾಸೌಂಡ್. ಮನೆಯಲ್ಲಿ ತಿಂಗಳಿಗೊಂದು ದಿನ ಗೊತ್ತುಮಾಡಿ, ಹಿಮ್ಮಡಿಯಿಂದ ತೊಡೆಯವರೆಗೆ ಚರ್ಮ ಸವರಿ ನೋಡುವುದು. ಚರ್ಮದಡಿಯ ದುಗ್ಧನಾಳದ ಹಾದಿಯಲ್ಲಿ ಸಣ್ಣ ಕಪ್ಪು ಅಥವಾ ಗುಲಾಬಿ ಗಂಟು ಮರುಕಳಿಕೆಯ ಮೊದಲ ಸುಳಿವಾಗಿರಬಹುದು. ಕನ್ನಡಿ ನೆಲಕ್ಕಿಟ್ಟು ಇನ್ನೊಂದು ಅಂಗಾಲು, ಬೆರಳಸಂದು, ಉಗುರು ನೋಡುವುದು. ಹೊಸದೇನಾದರೂ ಕಂಡರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ.

ಇಂಥ ಒಂದು ತಪಾಸಣೆಯಲ್ಲಿ ಗಾಯದ ಒಳ ಅಂಚಿನಲ್ಲಿ 2 ಮಿ.ಮೀ. ಕಂದು ಚುಕ್ಕೆ ಕಾಣಿಸಿತು. ಕಾಯಲಿಲ್ಲ, ಅಂದೇ 4 ಮಿ.ಮೀ. ಪಂಚ್‌ನಲ್ಲಿ ಕೊಬ್ಬಿನವರೆಗೆ ಇಡಿಯಾಗಿ ತೆಗೆದರು. ವರದಿ: ಗಾಯದ ಅಂಚಿನ ಸಾದಾ ಬಣ್ಣಗಟ್ಟಿಕೆ, ಮೆಲನೋಮ ಇಲ್ಲ, ತಳ ಪೂರ್ತಿ ಕಾಣುತ್ತಿದೆ.